ಭಾಭಾ ಲೆಕ್ಕ ಹಾಕಿದ ಮಳೆ

"ಇಂದು ರಾತ್ರಿ ಹನ್ನೆರಡೂವರೆಯಿಂದ ಮೂರೂವರೆಯ ತನಕ ವಿಶ್ವಕಿರಣಗಳು ಭೂಮಿಯ ಸಮೀಪ ಹಾದುಹೋಗಲಿವೆ, ಮೊಬೈಲನ್ನು ಆರಿಸಿ ದೂರವಿಟ್ಟು ಮಲಗಿ" ಎಂಬ ಸಂದೇಶ ಚೆಂಬೂರಿನ ನಮ್ಮ ಕನ್ನಡಿಗರ ವಾಟ್ಸ್‌ಆ್ಯಪ್ ಬಳಗಕ್ಕೆ ವರ್ಷಕ್ಕೊಮ್ಮೆಯಾದರೂ ಬರುತ್ತದೆ. ಟ್ರಾಂಬೆಯಲ್ಲಿ ಹೋಮಿ ಭಾಭಾ ಕಟ್ಟಿದ ಅಣು ಸಂಶೋಧನಾ ಕೇಂದ್ರದ ನೆರೆಯಲ್ಲೇ ಬಾಳುವ ನಾವು ಇದನ್ನು ನಂಬಿ ಮಕ್ಕಳನ್ನು ಹೆದರಿಸುವುದನ್ನು ಕಂಡರೆ ನನಗೆ ನಿಜಕ್ಕೂ ಸಂಕಟವಾಗುತ್ತದೆ. ಬಾಹ್ಯಾಕಾಶದಿಂದ ಬಂದೆರಗುವ ಅಪಾರ ಶಕ್ತಿಯ ಕಣಗಳಾದ ವಿಶ್ವಕಿರಣಗಳಿಗೆ ಹಗಲಿರುಳೆಂಬ ಭೇದವಿಲ್ಲ; ಈ ಹೊತ್ತಿನಲ್ಲೂ ನಿಮ್ಮ ಅಂಗೈಯ ಮೂಲಕ ಸೆಕೆಂಡಿಗೆ ಸುಮಾರು ಒಂದು ಕಣ ತೂರಿಹೋಗುತ್ತಿದೆ. ಈ ಕಣಗಳ ಮಳೆಯ ಲೆಕ್ಕವನ್ನು ಮೊದಲು ಬಿಡಿಸಿದವರಲ್ಲಿ ಭಾಭಾ ಒಬ್ಬರು.

1909ರಲ್ಲಿ ಮುಂಬಯಿಯಲ್ಲಿ ಹುಟ್ಟಿದ ಅವರು ಇಂಜಿನಿಯರಿಂಗ್ ಓದಲು ಕೇಂಬ್ರಿಜ್‌ಗೆ ಹೋಗಿ ಭೌತವಿಜ್ಞಾನಕ್ಕೆ ಮನಸೋತರು. ಅಣುಸ್ಥಾವರಗಳೊಂದಿಗೆ ಮಾತ್ರ ಅವರ ಹೆಸರನ್ನು ಜೋಡಿಸುವವರು, 1937ರಲ್ಲಿ ಅವರು ಭೌತವಿಜ್ಞಾನಿ ವಾಲ್ಟರ್ ಹೈಟ್ಲರ್ ಜೊತೆ ಪ್ರಕಟಿಸಿದ ಪ್ರಬಂಧವನ್ನು ಮರೆಯುತ್ತಾರೆ. ಅದು ವಿವರಿಸುವುದು ಇದನ್ನು: ಅಪಾರ ಶಕ್ತಿಯ ಎಲೆಕ್ಟ್ರಾನೊಂದು ಗಾಳಿಯ ಪರಮಾಣುವಿನ ಬೀಜಕೇಂದ್ರದ ಪಕ್ಕದಲ್ಲಿ ಹಾಯುವಾಗ ಅದರ ಸೆಳೆತಕ್ಕೆ ಬಾಗಿ, ತನ್ನ ಶಕ್ತಿಯ ಒಂದು ಪಾಲನ್ನು ಗಾಮಾ ಫೋಟಾನಿನ, ಅಂದರೆ ಬಲಶಾಲಿಯಾದ ಬೆಳಕಿನ ಕಣದ, ರೂಪದಲ್ಲಿ ಹೊರಚೆಲ್ಲುತ್ತದೆ. ಆ ಫೋಟಾನು ಇನ್ನೊಂದು ಬೀಜಕೇಂದ್ರದ ಬಳಿ ತಾನಳಿದು ಎಲೆಕ್ಟ್ರಾನ್ ಮತ್ತು ಧನ ವಿದ್ಯುದಂಶವುಳ್ಳ ಅದರ ಅವಳಿಯಾದ ಪಾಸಿಟ್ರಾನ್‌ಗಳ ಜೋಡಿಯಾಗುತ್ತದೆ. ಆ ಜೋಡಿ ಮತ್ತೆ ಫೋಟಾನುಗಳನ್ನು ಚೆಲ್ಲುತ್ತದೆ. ಪ್ರತಿ ಹಂತದಲ್ಲೂ ಎರಡರಷ್ಟಾದರೆ ಹತ್ತು ಹಂತಗಳಲ್ಲಿ ಒಂದು ಕಣ 1024 ಆಗುತ್ತದೆ. ಐನೂರರ ನೋಟನ್ನು ಮುರಿಸುತ್ತಾ ಹೋದಂತೆ ಚಿಲ್ಲರೆಯ ಸಂಖ್ಯೆ ಬೆಳೆಯುತ್ತದೆಯೇ ಹೊರತು ಒಟ್ಟು ಹಣ ಬೆಳೆಯುವುದಿಲ್ಲ. ಅವಿಭಕ್ತ ಕುಟುಂಬದ ಹೊಲವು ತಲೆಮಾರಿನಿಂದ ತಲೆಮಾರಿಗೆ ಪಾಲಾಗಿ, ಕೊನೆಗೆ ನೇಗಿಲು ತಿರುಗಿಸಲೂ ಜಾಗ ಸಾಲದ ತುಂಡುಗಳಾಗುವಂತೆ, ಒಂದೊಂದು ಕಣದ ಪಾಲು, ಕಣಗಳ ಶಕ್ತಿಯನ್ನು ಅಳೆಯುವ ಮಾನದಲ್ಲಿ, ಸುಮಾರು 85 ಮೆಗಾ ಎಲೆಕ್ಟ್ರಾನ್ ವೋಲ್ಟ್‌ಗಿಂತ ಕೆಳಗಿಳಿದಾಗ ಕಣದ ಶಕ್ತಿಯೆಲ್ಲ ಗಾಳಿಯ ಪರಮಾಣುಗಳಿಂದ ಎಲೆಕ್ಟ್ರಾನುಗಳನ್ನು ಕೀಳುವುದರಲ್ಲೇ ಸವೆದು, ಮಳೆ ನಿಲ್ಲುತ್ತದೆ.

ಲೆಕ್ಕದ ನಿಜವಾದ ಸೊಗಸು ಇಲ್ಲಿಂದ ಮುಂದಿದೆ. ನಮ್ಮ ತಲೆಯ ಮೇಲಿನ ವಾಯುಮಂಡಲದ ತೂಕ ಹತ್ತು ಮೀಟರ್ ನೀರಿನಷ್ಟಿದೆ. ಎಲೆಕ್ಟ್ರಾನಿನ ಇಂಥ ಮಳೆ ಅದನ್ನೆಲ್ಲ ದಾಟಿ ನೆಲದಾಳಕ್ಕೆ ಇಳಿಯಲಾರದು. ಆದರೂ ಆಳದಲ್ಲಿಟ್ಟ ಉಪಕರಣಗಳಿಗೆ ಕಣಗಳು ಸಿಗುತ್ತಿದ್ದವು. ಹಾಗಾದರೆ ಅವು ಎಲೆಕ್ಟ್ರಾನಿಗಿಂತ ಭಾರವಾದ ಬೇರೆ ಕಣಗಳೇ ಆಗಿರಬೇಕು ಎಂಬ ವಾದವನ್ನು ಭಾಭಾ ಬಲಪಡಿಸಿದರು. ಇಂದು ಅವನ್ನು ಮ್ಯೂಆನ್ ಎನ್ನುತ್ತೇವೆ. ಸೆಕೆಂಡಿನ ದಶಲಕ್ಷದ 2.2 ಭಾಗ ಮಾತ್ರ ಬಾಳುವ ಮ್ಯೂಆನ್ ಬೆಳಕಿನ ವೇಗದಲ್ಲಿ ಓಡಿದರೂ 660 ಮೀಟರ್ ದಾಟುವುದರೊಳಗೆ ಅಳಿಯಬೇಕು. ಅದು ಸುಮಾರು 15 ಕಿಲೋಮೀಟರ್ ಎತ್ತರದಿಂದ ನಮ್ಮನ್ನು ಮುಟ್ಟುವುದು, ವೇಗವಾಗಿ ಚಲಿಸುವ ಗಡಿಯಾರ ನಿಧಾನವಾಗುತ್ತದೆಂಬ ಸಾಪೇಕ್ಷತೆಯ ನಿಯಮದಿಂದ. ಇಂಥ ಕಣಗಳ ಆಯುಸ್ಸು ಹೀಗೆ ಹಿಗ್ಗಬೇಕೆಂದು ಭಾಭಾ 1938ರಲ್ಲೇ ಬರೆದಿದ್ದರು.

1939ರಲ್ಲಿ ರಜೆಗೆ ಊರಿಗೆ ಬಂದವರನ್ನು ಯುದ್ಧ ಇಲ್ಲೇ ಉಳಿಸಿತು. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆ ಅವರಿಗೆ ಆಸರೆಯಾಯಿತು, ಮತ್ತು ಕೊಲಾಬಾದ ಕಡಲಂಚಿನಲ್ಲಿ ಇಂದು ನಾವು ಕಾಣುವ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯು 1945ರಲ್ಲಿ ಮೊದಲು ಕಣ್ತೆರೆದದ್ದೂ ಅಲ್ಲಿಯೇ. ಅದೇ ಸಂಸ್ಥೆಯ ಬಿ. ವಿ. ಶ್ರೀಕಂಠನ್ 1950ರ ದಶಕದ ಆರಂಭದಲ್ಲಿ, ಭಾಭಾ ಅವರ ಪ್ರೇರಣೆಯಿಂದ, ಕೋಲಾರದ ಚಿನ್ನದ ಗಣಿಗೆ ಇಳಿದು ಬೇರೆ ಬೇರೆ ಆಳಗಳಲ್ಲಿ ಮ್ಯೂಆನುಗಳನ್ನು ಎಣಿಸಿದರು. ಎರಡು ಕಿಲೋಮೀಟರಿಗೂ ಮಿಕ್ಕಿದ ಆಳದಲ್ಲಿ ಆ ಮಳೆ ಬಹುಮಟ್ಟಿಗೆ ನಿಂತುಹೋಗಿತ್ತು. ಭಾಭಾ ವಿಮಾನ ಅಪಘಾತದಲ್ಲಿ ತೀರಿಕೊಳ್ಳುವುದಕ್ಕೆ ಕೆಲವೇ ತಿಂಗಳು ಮೊದಲು, 1965ರಲ್ಲಿ, ಆ ನಿಶ್ಶಬ್ದದಲ್ಲೇ ವಾಯುಮಂಡಲದಲ್ಲಿ ಹುಟ್ಟಿದ ನ್ಯೂಟ್ರಿನೋಗಳೆಂಬ, ಬಹುತೇಕ ಯಾವ ತಡೆಯೂ ಇಲ್ಲದೆ ತೂರಿಹೋಗುವ ಕಣಗಳ ಗುರುತು ಸಿಕ್ಕಿತು.