ಕಲ್ಲು ಉಳಿಯಿತು, ಚೀಟಿ ಹೋಯಿತು

ಪುಣೆಯಲ್ಲಿ ಖನಿಜದ ಮಾದರಿಗಳನ್ನು ಪರೀಕ್ಷಿಸಿ ಬೆಲೆ ಹೇಳುವುದು ನನ್ನ ಕೆಲಸ. ಜನ ಕಲ್ಲನ್ನು ತೊಳೆದು, ಒರೆಸಿ, ಹೊಸ ಡಬ್ಬಿಯಲ್ಲಿಟ್ಟು ತರುತ್ತಾರೆ. ಕಲ್ಲು ಎಲ್ಲಿಯದೆಂದು ಬರೆದು ಜೊತೆಗಿಟ್ಟಿದ್ದ ಹಳೆಯ ಚೀಟಿ ಎಲ್ಲಿ ಎಂದರೆ, "ಹಳದಿಯಾಗಿತ್ತು, ಎಸೆದುಬಿಟ್ಟೆವು" ಎನ್ನುತ್ತಾರೆ. ಹೊಟ್ಟೆ ಉರಿಯುತ್ತದೆ.

ಹೋದ ತಿಂಗಳು ಕೋಥ್ರೂಡಿನಿಂದ ಧಾರವಾಡ ಕಡೆಯ ಹೆಣ್ಣುಮಗಳೊಬ್ಬರು ಬಂದಿದ್ದರು. ಮಾವನವರು ಕೂಡಿಟ್ಟ ಕಲ್ಲೊಂದನ್ನು ಹತ್ತಿಯಿಂದ ಬಿಡಿಸಿ ಮೇಜಿನ ಮೇಲಿಟ್ಟರು. ದ್ರಾಕ್ಷಿ ಗೊಂಚಲಿನಂಥ ಉಬ್ಬುಗಳು, ನೀಲಿ ಬೆರೆತ ಹಸಿರು, ರೇಷ್ಮೆಯ ಹೊಳಪು. ಎತ್ತಿದರೆ ಗಾತ್ರಕ್ಕೆ ಮೀರಿದ ಭಾರ. ಹಿಂಬದಿಯಿಂದ ಉದುರಿದ ಪುಡಿಗೆ ಬೆಚ್ಚಗಿನ ದುರ್ಬಲ ಆಮ್ಲ ಬಿಟ್ಟೆ, ಗುಳ್ಳೆ ಎದ್ದಿತು. ಸ್ಮಿತ್ಸೊನೈಟ್, ಸತುವಿನ ಕಾರ್ಬೊನೇಟ್. ಇದೇ ಬಣ್ಣದ, ಸತುವಿನದೇ ಇನ್ನೊಂದು ಖನಿಜವಾದ ಹೆಮಿಮಾರ್ಫೈಟ್ ಆಗಿದ್ದರೆ ಗುಳ್ಳೆಯೂ ಬರುತ್ತಿರಲಿಲ್ಲ, ಇಷ್ಟು ತೂಕವೂ ಇರುತ್ತಿರಲಿಲ್ಲ.

"ಅಮೆರಿಕದ ಕೆಲ್ಲಿ ಗಣಿಯದು ಅಂತ ಮಾವ ಹೇಳುತ್ತಿದ್ದರು. ಹಾಗೆ ಬರೆದುಕೊಡುತ್ತೀರಾ, ಸರ್?"

ಬರೆದುಕೊಡಲಾರೆ. ಕಲ್ಲು ಏನೆಂದು ಪರೀಕ್ಷೆಯಿಂದ ಹೇಳಬಲ್ಲೆ, ಯಾವ ಗಣಿಯದೆಂದು ಮೇಜಿನ ಮುಂದೆ ಕೂತು ಹೇಳಲಾಗದು. ಬಣ್ಣ ಸಾಕ್ಷಿಯಲ್ಲವೇ ಎಂದು ಕೇಳುತ್ತಾರೆ. ಈ ಬಣ್ಣ ಬರುವುದು ಅದರೊಳಗೆ ಸೇರಿದ ಅಲ್ಪ ತಾಮ್ರದಿಂದ. ಸತುವಿನ ಜೊತೆ ತಾಮ್ರವಿರುವ ಗಣಿ ಒಂದೇ ಅಲ್ಲ. ನಮೀಬಿಯದ ತ್ಸುಮೆಬ್‌ನಲ್ಲೂ ಗ್ರೀಸಿನ ಲಾವ್ರಿಯೊನ್‌ನಲ್ಲೂ ನೀಲಿ-ಹಸಿರು ಸ್ಮಿತ್ಸೊನೈಟ್ ಸಿಕ್ಕಿದೆ. ಕೆಲ್ಲಿಯದೇ ಇರಬಹುದು, ನೋಟಕ್ಕೆ ಹಾಗೆಯೇ ಇದೆ. ಆದರೆ "ಇರಬಹುದು" ಎಂಬ ಮಾತಿಗೆ ಸಹಿ ಹಾಕಲು ಬರುವುದಿಲ್ಲ.

ನ್ಯೂ ಮೆಕ್ಸಿಕೊದ ಮ್ಯಾಗ್ಡಲೀನಾ ಊರಿನ ಬಳಿಯ ಆ ಗಣಿಯನ್ನು ಮೊದಲು ಅಗೆದದ್ದು ಸೀಸ ಮತ್ತು ಬೆಳ್ಳಿಗಾಗಿ. ಈ ಹಸಿರು ಕಲ್ಲನ್ನು ಬೇಡದ ಮಣ್ಣಿನ ಗುಡ್ಡೆಗೆ ಸುರಿದರು. 20ನೇ ಶತಮಾನದ ಆರಂಭದಲ್ಲಿ ಅದೇ ಕಲ್ಲು ಸತುವಿನ ಅದಿರಾಗಿ ಮಾರಾಟವಾಯಿತು. ಈಗ ಗಣಿ ನಿಂತಿದೆ, ಕೆಲ್ಲಿ ಎಂಬ ಊರು ಪಾಳು ಬಿದ್ದಿದೆ. ಆ ಹೆಸರಿಗೆ ಸಂಗ್ರಾಹಕರು ಹಣ ಕೊಡುತ್ತಾರೆ, ಅದಕ್ಕೇ ಸಾಕ್ಷಿಯನ್ನೂ ಕೇಳುತ್ತಾರೆ. ಆ ಸಾಕ್ಷಿ ಹಳದಿ ಚೀಟಿಯಲ್ಲಿತ್ತು.

ಆಕೆಯ ಮುಖ ಬಾಡಿತು. ಬೈಯಲು ಮನಸ್ಸಾಗಲಿಲ್ಲ. ಕಲ್ಲನ್ನು ತಿರುಗಿಸಿದೆ. ತಳದ ಒರಟು ಭಾಗದಲ್ಲಿ ಬಿಳಿ ಬಣ್ಣದ ಸಣ್ಣ ಚುಕ್ಕೆ, ಅದರ ಮೇಲೆ ಕಪ್ಪು ಶಾಯಿಯಲ್ಲಿ 41. ಬ್ರಷ್ಷಿಗೂ ಸಿಗದೆ ಉಳಿದಿತ್ತು. ಸಂಖ್ಯೆ ಹಾಕುವವರು ಸಾಮಾನ್ಯವಾಗಿ ಪಟ್ಟಿಯನ್ನೂ ಬರೆದಿಡುತ್ತಾರೆ.

"ಮಾವನವರ ಹಳೆಯ ವಹಿಗಳು ಇವೆಯೇ?"

"ಅಟ್ಟದ ಮೇಲೆ ಒಂದು ಟ್ರಂಕು ಇದೆ. ದೀಪಾವಳಿಗೆ ರದ್ದಿಗೆ ಹಾಕಬೇಕೆಂದಿದ್ದೆವು."

ಈಗಲೇ ಮನೆಗೆ ಫೋನ್ ಮಾಡಿ ಎಂದೆ.