ಉಗುಳಲ್ಲಿ ಸ್ತನ ಕ್ಯಾನ್ಸರ್ ಸುಳಿವು: ಹಲ್ಲಿನ ಡಾಕ್ಟರುಗಳ ಹಳೇ ಹುಡುಕಾಟ

ಸ್ತನ ಕ್ಯಾನ್ಸರ್‌ಗೂ ಹಲ್ಲಿನ ಡಾಕ್ಟರಿಗೂ ಏನು ಸಂಬಂಧ? ಈ ಕಥೆ ಶುರುವಾಗುವುದೇ ಅಲ್ಲಿಂದ.

ಕೆಲವು ಸ್ತನದ ಗೆಡ್ಡೆಗಳಲ್ಲಿ ಹರ್-2 ಎಂಬ ಜೀನ್ ಅತಿಯಾಗಿರುತ್ತದೆ, ಅಂಥವು ಬೇಗ ಮರುಕಳಿಸುತ್ತವೆ ಎಂದು 1987ರಲ್ಲಿ ಅಮೆರಿಕದ ಡೆನ್ನಿಸ್ ಸ್ಲಾಮನ್ ತಂಡ ತೋರಿಸಿತು. ಅದಕ್ಕೆಂದೇ ಮಾಡಿದ ಔಷಧ ಹರ್ಸೆಪ್ಟಿನ್‌ಗೆ 1998ರಲ್ಲಿ ಒಪ್ಪಿಗೆ ಸಿಕ್ಕಿತು. ಈ ಜೀನ್ ಮಾಡಿಸುವ ಪ್ರೋಟೀನಿನ ತುಣುಕು ರಕ್ತದಲ್ಲೂ ಓಡಾಡುತ್ತದೆ. ಬಾಯಿಯ ಗ್ರಂಥಿಗಳು ಉಗುಳು ತಯಾರಿಸುವುದು ರಕ್ತದಿಂದ ನೀರು ಸೋಸಿಕೊಂಡು. ಹಾಗಾದರೆ ಆ ತುಣುಕು ಉಗುಳಲ್ಲೂ ಸಿಗಬೇಕಲ್ವಾ? ಮಿಸಿಸಿಪ್ಪಿಯ ದಂತವೈದ್ಯ ಚಾರ್ಲ್ಸ್ ಸ್ಟ್ರೆಕ್‌ಫಸ್ ಹುಡುಕಿ ನೋಡಿದರು. ಕ್ಯಾನ್ಸರ್ ಇದ್ದ ಮಹಿಳೆಯರ ಉಗುಳಲ್ಲಿ ಅದು ಜಾಸ್ತಿ ಇತ್ತು. 2000ದಲ್ಲಿ ವರದಿ ಬಂತು.

ನಾವು 'ಎಂಜಲು' ಎಂದು ದೂರ ಇಡುವ ವಸ್ತುವಿಗೆ ಅಲ್ಲಿಂದ ಬೆಲೆ ಬಂತು. 2010ರಲ್ಲಿ ಲಾಸ್ ಏಂಜಲೀಸ್‌ನ ಡೇವಿಡ್ ವಾಂಗ್ ತಂಡ ಉಗುಳಲ್ಲಿ ಎಂಟು ಆರ್‌ಎನ್‌ಎ (ಜೀನಿನ ಸಂದೇಶ ಒಯ್ಯುವ ಅಣು) ಮತ್ತು ಒಂದು ಪ್ರೋಟೀನ್ ಗುರುತಿಸಿ, ಸ್ತನ ಕ್ಯಾನ್ಸರ್ ಇದೆಯೇ ಎಂದು 92% ಸರಿಯಾಗಿ ಹೇಳಬಹುದು ಎಂದಿತು. ವಾಂಗ್ ಕೂಡ ದಂತವೈದ್ಯರೇ! ಅದೇ ವರ್ಷ ಜಪಾನಿನ ತ್ಸುರುವೋಕಾದ ವಿಜ್ಞಾನಿಗಳು ಉಗುಳಿನ ರಾಸಾಯನಿಕಗಳನ್ನೇ ಅಳೆದು ಕ್ಯಾನ್ಸರ್ ಗುರುತು ಹುಡುಕಿದರು.

2024ರಲ್ಲಿ ಫ್ಲಾರಿಡಾ ಮತ್ತು ತೈವಾನ್ ವಿಜ್ಞಾನಿಗಳ ಉಪಕರಣ ಸುದ್ದಿ ಮಾಡಿತು. ಸಕ್ಕರೆ ಕಾಯಿಲೆಯವರು ಮನೆಯಲ್ಲಿ ಬಳಸುವಂಥದ್ದೇ ಪರೀಕ್ಷಾ ಪಟ್ಟಿ (ಸ್ಟ್ರಿಪ್), ಸುಮಾರು ಐದು ಡಾಲರಿನ ಸರ್ಕ್ಯೂಟ್ ಬೋರ್ಡ್, ಒಂದು ಹನಿ ಉಗುಳು, ಐದು ಸೆಕೆಂಡಿನೊಳಗೆ ಉತ್ತರ. ಹರ್-2 ಜೊತೆಗೆ ಸಿಎ 15-3 ಎಂಬ ಪ್ರೋಟೀನನ್ನೂ ಅದು ಅಳೆಯುತ್ತದೆ. ಆದರೆ ಪರೀಕ್ಷಿಸಿದ್ದು 21 ಜನರ ಉಗುಳು ಮಾತ್ರ.

ತೊಡಕು ಇರುವುದೇ ಅಲ್ಲಿ. 92% ಎಂದ ಅಧ್ಯಯನದಲ್ಲೂ ಫಲಿತಾಂಶ ಖಚಿತಪಡಿಸುವ ಕೊನೆಯ ಸುತ್ತಿನಲ್ಲಿದ್ದ ರೋಗಿಗಳು ಮೂವತ್ತೇ ಮಂದಿ. ಈ ಪ್ರೋಟೀನುಗಳು ರಕ್ತಕ್ಕಿಂತ ಉಗುಳಲ್ಲಿ ತೀರಾ ಕಡಿಮೆ. ಊಟ, ಹೊತ್ತು, ಒಸಡಿನ ರಕ್ತ, ಯಾವುದು ಬದಲಾದರೂ ಲೆಕ್ಕ ತಪ್ಪುತ್ತದೆ. ಮ್ಯಾಮೊಗ್ರಾಮ್ (ಸ್ತನದ ಎಕ್ಸ್-ರೇ) ಮತ್ತು ಬಯಾಪ್ಸಿಯ (ಗೆಡ್ಡೆಯ ತುಣುಕು ತೆಗೆದು ನೋಡುವ ಪರೀಕ್ಷೆ) ಜಾಗಕ್ಕೆ ಉಗುಳು ಇನ್ನೂ ಬಂದಿಲ್ಲ. (ಬಿಆರ್‌ಸಿಎ ಜೀನಿಗಾಗಿ ಉಗುಳು ಕಳಿಸುವುದು ಬೇರೆಯೇ ಪರೀಕ್ಷೆ. ಅದು ಹುಟ್ಟಿನಿಂದ ಬಂದ ಅಪಾಯ ಹೇಳುತ್ತದೆ, ಕ್ಯಾನ್ಸರ್ ಇದೆಯೇ ಎಂದಲ್ಲ.)

ನನ್ನ ಲೆಕ್ಕದಲ್ಲಿ, ಉಗುಳು ಮೊದಲು ಕೆಲಸಕ್ಕೆ ಬರುವುದು ಚಿಕಿತ್ಸೆಯಲ್ಲಿರುವವರಿಗೆ. ಅಲ್ಲಿ ಒಬ್ಬಳ ಇವತ್ತಿನ ಉಗುಳನ್ನು ಅವಳದೇ ಹಿಂದಿನ ತಿಂಗಳ ಉಗುಳಿನ ಜೊತೆ ಹೋಲಿಸಿದರೆ ಸಾಕು. ಆರೋಗ್ಯವಂತರ ಗುಂಪಿನಲ್ಲಿ ರೋಗ ಹುಡುಕುವುದು ಸುಮ್ನೆ ಆಗುವ ಕೆಲಸವಲ್ಲ. ಮುಂಬೈಯಲ್ಲಿ ಟಾಟಾ ಮೆಮೋರಿಯಲ್ ಕ್ಯಾನ್ಸರ್ ಆಸ್ಪತ್ರೆಯವರು ಸ್ತನವನ್ನು ಬರೀ ಕೈಯಿಂದ ಮುಟ್ಟಿ ನೋಡುವ ತಪಾಸಣೆಯನ್ನು 1998ರಲ್ಲಿ ಪರೀಕ್ಷೆಗೆ ಹಚ್ಚಿದರು. ಒಂದೂವರೆ ಲಕ್ಷ ಮಹಿಳೆಯರು, ಇಪ್ಪತ್ತು ವರ್ಷ. 50 ದಾಟಿದವರಲ್ಲಿ ಸ್ತನ ಕ್ಯಾನ್ಸರ್‌ನಿಂದ ಆಗುವ ಸಾವು ಸುಮಾರು 30% ಇಳಿಯಿತು ಎಂದು ಹೇಳುವಾಗ 2021 ಆಗಿತ್ತು.