ಹಳೇ ಚರಂಡಿಗೆ ಆರು ಮಿಲಿಮೀಟರ್ ಕಾಲುಚೀಲ

1971ರಲ್ಲಿ ಲಂಡನ್ನಿನ ಹ್ಯಾಕ್ನಿಯಲ್ಲಿ ಇಟ್ಟಿಗೆಯ ಹಳೇ ಒಳಚರಂಡಿಯೊಂದನ್ನು ರಿಪೇರಿ ಮಾಡಬೇಕಿತ್ತು. ಎರಿಕ್ ವುಡ್ ಎಂಬಾತ ರಸ್ತೆ ಅಗೆಯಲಿಲ್ಲ. ರಾಳದಲ್ಲಿ ನೆನೆಸಿದ ಫೆಲ್ಟ್ ಬಟ್ಟೆಯ ಉದ್ದನೆ ಚೀಲವನ್ನು ಒಳಗೆ ಎಳೆಸಿ, ಉಬ್ಬಿಸಿ, ಗಟ್ಟಿಯಾಗಲು ಬಿಟ್ಟ. ಹಳೇ ಚರಂಡಿಯ ಹೊಟ್ಟೆಯಲ್ಲೇ ಹೊಸ ಪೈಪು! ಈಗ ಅಂಗಿಯ ತೋಳು ಮಗುಚುವ ಹಾಗೆ, ಚೀಲವನ್ನು ನೀರಿನ ಒತ್ತಡದಿಂದ ಮಗುಚುತ್ತಾ ಮ್ಯಾನ್‌ಹೋಲಿನಿಂದ ತೂರಿಸುವುದೂ ಉಂಟು.

ಚೀಲ ಎಷ್ಟು ದಪ್ಪ ಇರಬೇಕು? ಒಳಗೆ ಹರಿಯುವ ಕೊಳಚೆಯ ಲೆಕ್ಕ ಇಲ್ಲಿ ಅಷ್ಟಾಗಿ ಬರುವುದಿಲ್ಲ. ಕಾಟ ಕೊಡುವುದು ಹೊರಗಿನ ಅಂತರ್ಜಲ. ಹಳೇ ಪೈಪಿನ ಬಿರುಕುಗಳಲ್ಲಿ ನುಗ್ಗಿ ಚೀಲದ ಬೆನ್ನನ್ನು ಒತ್ತುತ್ತದೆ. ತೆಳು ನೀರಿನ ಬಾಟಲಿಯನ್ನು ಊದಿದರೆ ಏನೂ ಆಗಲ್ಲ, ಅಲ್ವಾ? ಅದರೊಳಗಿನ ಗಾಳಿ ಹೀರಿ ನೋಡಿ, ಪಟಕ್ಕನೆ ಒಳಕ್ಕೆ ಕುಸಿಯುತ್ತದೆ.

ಇಂಥ ಚೀಲಗಳಿಗೆಂದೇ ಇರುವ ಅಮೆರಿಕದ ಎಎಸ್‌ಟಿಎಂ ಎಫ್1216 ಮಾನದಂಡದ ಸೂತ್ರ ಹಿಡಿದು ನಾನೇ ಲೆಕ್ಕ ಹಾಕಿದೆ. 300 ಮಿಲಿಮೀಟರ್ ವ್ಯಾಸದ ಪೈಪು, ಶೇ. 2ರಷ್ಟು ಅಂಡಾಕಾರ, ಸಾಮಾನ್ಯ ಪಾಲಿಯೆಸ್ಟರ್ ರಾಳ. 5 ಮಿಲಿಮೀಟರ್ ದಪ್ಪದ ಚೀಲ ಸುಮಾರು 2.7 ಮೀಟರ್ ಎತ್ತರಕ್ಕೆ ನಿಂತ ನೀರಿನ ಒತ್ತಡ ತಡೆಯುತ್ತದೆ. 6 ಮಿಲಿಮೀಟರ್ ಆದರೆ 4.7 ಮೀಟರ್! ಕುಸಿಯದೆ ನಿಲ್ಲುವ ಶಕ್ತಿ ದಪ್ಪದ ಘನಕ್ಕೆ (ದಪ್ಪ × ದಪ್ಪ × ದಪ್ಪ) ತಕ್ಕಂತೆ ಏರುವುದೇ ಇದಕ್ಕೆ ಕಾರಣ. ಅದೇ ಪೈಪು ಶೇ. 5ರಷ್ಟು ಚಪ್ಪಟೆಯಾಗಿದ್ದರೆ, ಪೂರ್ತಿ ದುಂಡಗಿರುವ ಪೈಪಿಗಿಂತ ಮೂರನೇ ಒಂದು ಭಾಗಕ್ಕೂ ಜಾಸ್ತಿ ಶಕ್ತಿ ಸೋರಿಹೋಗುತ್ತದೆ.

ಈ ಲೆಕ್ಕದಲ್ಲಿ ಎರಡು ಗುಟ್ಟುಗಳಿವೆ. ಪ್ಲಾಸ್ಟಿಕ್ ಶೆಲ್ಫಿನ ಮೇಲೆ ಪುಸ್ತಕ ಪೇರಿಸಿಟ್ಟರೆ ವರ್ಷಗಳು ಕಳೆದಂತೆ ಬಾಗುತ್ತದೆ. ಭಾರ ಹೆಚ್ಚಿಲ್ಲ, ಸುಮ್ನೆ ಕಾಲ ಕಳೆದಿದೆ ಅಷ್ಟೆ. ಚೀಲದ್ದೂ ಅದೇ ಪಾಡು. ಹಾಗಾಗಿ 50 ವರ್ಷ ಬಾಳಬೇಕೆಂದರೆ ಅದರ ಬಿಗಿತವನ್ನು ಮೊದಲೇ ಅರ್ಧಕ್ಕಿಳಿಸಿ ಲೆಕ್ಕ ಹಾಕುವುದು ರೂಢಿ. ಇನ್ನೊಂದು, ಹಳೇ ಪೈಪಿನ ಸಹಾಯ. ಕುಸಿಯುವ ಚೀಲ ಒಂದು ಕಡೆ ಒಳಕ್ಕೆ ಬಾಗಿದರೆ ಇನ್ನೊಂದು ಕಡೆ ಹೊರಕ್ಕೆ ಉಬ್ಬಬೇಕು. ಅಲ್ಲಿ ಹಳೇ ಗೋಡೆ ಅಡ್ಡ ನಿಂತಿರುತ್ತದೆ. ಬಯಲಲ್ಲಿ ಒಂಟಿಯಾಗಿ ನಿಂತ ಪೈಪಿಗಿಂತ 7 ಪಟ್ಟು ಶಕ್ತಿ ಎಂದು ಸೂತ್ರ ಒಪ್ಪಿಕೊಳ್ಳುತ್ತದೆ.

ಕುಡಿಯುವ ನೀರಿನ ಕೊಳವೆಯಲ್ಲಿ ಮುಖ್ಯ ಒತ್ತಡ ಒಳಗಿನಿಂದ. ಹಳೇ ಕಬ್ಬಿಣ ಗಟ್ಟಿಯಿದ್ದರೆ ಚೀಲ ಅದರ ತೂತುಗಳನ್ನಷ್ಟೇ ಮುಚ್ಚಿ ನಿಂತರೆ ಸಾಕು. ಕಬ್ಬಿಣ ತುಕ್ಕು ತಿಂದು ಹೋಗಿದೆ ಎಂದರೆ ಒತ್ತಡವನ್ನೆಲ್ಲ ಚೀಲವೇ ಹೊರಬೇಕು. ಎಂಜಿನಿಯರಿಗೆ ನಿಜವಾದ ತಲೆನೋವು ಇಲ್ಲೇ. ಪೈಪಿನೊಳಗೆ ಬಿಟ್ಟ ಕ್ಯಾಮೆರಾಗೆ ಕಾಣುವುದು ಪೈಪಿನ ಒಳಮೈ ಮಾತ್ರ, ಮಣ್ಣಿಗೆ ತಾಗಿರುವ ಹೊರಮೈ ಅಲ್ಲ.